ಇವತ್ತು ಸೂಪ್ ಬೇಡ

ದ್ವಾರಕಾನಾಥ್ ಸರ್ ಯಾವುದನ್ನೂ ಒಂದೇ ಸಲಕ್ಕೆ ನಂಬಿದವರಲ್ಲ. ಮೈಸೂರಿನಲ್ಲಿದ್ದಾಗ ಹಾಲಿನವನ ಮೇಲೆ ಅನುಮಾನ, ಜಪಾನಿನ ಹಮಾಮತ್ಸುವಿಗೆ ಬಂದ ಮೇಲೆ ಮೂಲೆಯ ಕೊಂಬಿನಿ ಅಂಗಡಿಯ ಬಿಸ್ಕತ್ತಿನ ಮೇಲೆ ಅನುಮಾನ. ಪೊಟ್ಟಣ ತಿರುಗಿಸಿ, ಫೋನಿನ ಕ್ಯಾಮೆರಾ ಹಿಡಿದು, ಅನುವಾದ ಓದಿ, ಅದನ್ನೂ ನಂಬದೆ ನನ್ನನ್ನು ಕರೆಯುತ್ತಿದ್ದರು. "ನೀರಜಾ, ಇನ್ನೊಂದ್ಸಲ ನೋಡಮ್ಮ." ನಮ್ಮ ತಂಡದಲ್ಲಿ ಜಪಾನಿ ಓದಲು ಬರುತ್ತಿದ್ದದ್ದು ನನಗೊಬ್ಬಳಿಗೇ. ನನ್ನ ಗ್ರಹಚಾರ!

ಸರ್ ವಯಸ್ಸು ಐವತ್ಮೂರು. ಕಾರಿನ ಬ್ರೇಕ್ ಪರೀಕ್ಷಿಸುವ ಕೆಲಸ. ಆ ಕೆಲಸಕ್ಕೆ ಅವರ ಅನುಮಾನ ಹೇಳಿ ಮಾಡಿಸಿದ ಹಾಗಿತ್ತು. ಬೇರೆಯವರು ಸರಿಯಿದೆ ಎಂದದ್ದನ್ನು ಮತ್ತೆ ಬಿಚ್ಚಿ ನೋಡದಿದ್ದರೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಹೆಂಡತಿ ಮೈಸೂರಿನ ಶಾಲೆಯಲ್ಲಿ ಟೀಚರ್, ಆದ್ದರಿಂದ ಇಲ್ಲಿ ಒಂಟಿ. ಮೀನು, ಮಾಂಸ, ಮೊಟ್ಟೆ ಹುಟ್ಟಿದಾಗಿನಿಂದ ಬಾಯಿಗೆ ಸೋಕಿಸಿಲ್ಲ. "ಜಪಾನಿಗೆ ಬಂದೂ ಬಾಯಿ ಕೆಡಿಸ್ಕೊಂಡಿಲ್ಲ ಕಣಮ್ಮ" ಎಂದು ವಾರಕ್ಕೊಮ್ಮೆಯಾದರೂ ಹೇಳುವರು. ಅವರಿಗಿದ್ದ ದೊಡ್ಡ ಹೆಮ್ಮೆ ಅದೊಂದೇ.

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಅವರು ತಿನ್ನುತ್ತಿದ್ದದ್ದು ಅನ್ನ, ಮನೆಯಿಂದ ತಂದ ಉಪ್ಪಿನಕಾಯಿ, ಒಂದು ಬಟ್ಟಲು ಮಿಸೋ ಸೂಪ್, ಅಂದರೆ ಹುಳಿಬರಿಸಿದ ಸೋಯಾ ಹಿಟ್ಟಿನ ತಿಳಿಸಾರು. ಬಂದ ಮೊದಲ ವಾರ ಅಲ್ಲಿನ ಸಲಹಾ ಪೆಟ್ಟಿಗೆಗೆ ಚೀಟಿ ಹಾಕಿದ್ದರಂತೆ, ಸೂಪಿನಲ್ಲಿ ಮೀನಿದೆಯೇ ಎಂದು ಕೇಳಿ. ಮರುದಿನ ಬಡಿಸುವ ಹೆಂಗಸು ಇವರಿಗೆ ಮಾತ್ರ ಕೆಂಪು ಬಟ್ಟಲಲ್ಲಿ ಸೂಪ್ ಕೊಟ್ಟು, ತಲೆಬಾಗಿ, "ದೈಜೋಬು" ಎಂದಳು. ಪರವಾಗಿಲ್ಲ, ತೊಂದರೆಯಿಲ್ಲ ಎಂದರ್ಥ. ಇವರು ಕುಡಿದರು. ಆದರೆ ಎಲ್ಲರಿಗೂ ಕಪ್ಪು ಬಟ್ಟಲು, ತನಗೆ ಮಾತ್ರ ಕೆಂಪು ಯಾಕೆ? ಎರಡು ವರ್ಷ ಅದನ್ನೇ ಕೊರೆದರು. "ಹೊರಗಿನವನು ಅಂತ ಗುರುತು ಹಾಕಿದ್ದಾರೆ!"

ಈ ಏಪ್ರಿಲ್‌ನ ಒಂದು ಮಂಗಳವಾರ ಬೆಳಿಗ್ಗೆ ಅವರ ಲೈನ್‌ಗೆ, ಅಂದರೆ ಇಲ್ಲಿನವರ ವಾಟ್ಸ್ಆ್ಯಪ್‌ಗೆ, ಒಂದು ಮೆಸೇಜ್ ಬಂತು. ಕಳಿಸಿದವರ ಹೆಸರಿನ ಜಾಗದಲ್ಲಿ 'ಎಂ' ಎಂಬ ಒಂದೇ ಅಕ್ಷರ, ಮುಖದ ಜಾಗದಲ್ಲಿ ಮೂಲಂಗಿಯ ಚಿತ್ರ. ನಾನೇ ಓದಿ ಹೇಳಿದೆ: "ಇವತ್ತು ಸೂಪ್ ಕುಡಿಯಬೇಡಿ. ಕ್ಷಮಿಸಿ."

ಸರ್ ಮುಖ ಬಿಳಿಚಿಕೊಂಡಿತು. "ನಾನು ಸೂಪ್ ಕುಡಿಯೋದು ಇವನಿಗೆ ಹೆಂಗೆ ಗೊತ್ತು?"

"ಯಾರು ಅಂತ ಕೇಳೋಣ್ವಾ ಸರ್?"

"ಬೇಡ ಬೇಡ! ರಿಪ್ಲೈ ಮಾಡಿದ್ರೆ ಫೋನ್ ಹ್ಯಾಕ್ ಆಗತ್ತೆ."

ಅವತ್ತು ಊಟದ ಹೊತ್ತಿನಲ್ಲಿ ಅವರು ಕ್ಯಾಂಟೀನಿನ ಒಂದೊಂದು ಮುಖವನ್ನೂ ನೋಡುತ್ತ, ಎಲ್ಲರಿಗೂ ಕಾಣುವ ಹಾಗೆ ಬಟ್ಟಲೆತ್ತಿ ಗಟಗಟ ಕುಡಿದರು. "ಹೆದರಿಸಿ ಓಡಿಸ್ತಾನಂತೆ! ಹೋಗ್ಲಿ, ಇವತ್ತು ಎಲ್ಲರ ಥರ ಕಪ್ಪು ಬಟ್ಟಲಾದ್ರೂ ಕೊಟ್ರಲ್ಲ."

ಮೇ, ಜೂನ್‌ನಲ್ಲಿ ಅದೇ ಮೆಸೇಜ್ ಆರು ಸಲ ಬಂತು. ಬಂದ ದಿನವೆಲ್ಲ ಹಟಕ್ಕೆ ಬಿದ್ದು ಕುಡಿದರು, ಒಂದೆರಡು ದಿನ ಎರಡನೇ ಬಟ್ಟಲನ್ನೂ ಕೇಳಿದರು. ತಂಡದ ಮಧುಕರ್ ತಮಾಷೆಗೆ "ಸರ್, ಸೂಪಿಗೆ ನಿಮ್ಮ ಮೇಲೆ ಲವ್ವು" ಎಂದದ್ದೇ ತಡ, ಅವನೇ ಕಳಿಸುತ್ತಿರುವುದೆಂದು ತೀರ್ಮಾನಿಸಿ ಹದಿನೈದು ದಿನ ಮಾತು ಬಿಟ್ಟರು. ಕೊನೆಗೊಂದು ದಿನ ನನ್ನ ಮೇಜಿಗೆ ಬಂದು ಕೂತರು. "ನೀರಜಾ, ಕಂಪ್ಲೇಂಟ್ ಬರ್ದುಕೊಡು. ನನಗೆ ಇಲ್ಲಿ ಒಂದ್ ತುತ್ತು ಗಂಟಲಲ್ಲಿ ಇಳೀತಿಲ್ಲ."

ಬರೆದುಕೊಟ್ಟೆ. 'ಬೆದರಿಕೆ' ಎಂಬ ಪದ ಅವರದಲ್ಲ, ನನ್ನದು. ಹಾಗೆ ಬರೆದರೆ ಆಫೀಸಿನವರು ಬೇಗ ಏಳುತ್ತಾರೆಂಬ ನನ್ನ ಜಾಣತನ.

ಎದ್ದರು. ಮೂರೇ ದಿನದಲ್ಲಿ ಸಿಬ್ಬಂದಿ ವಿಭಾಗದ ಓಟಾ-ಸಾನ್ ಬಂದು ನಡು ಬಗ್ಗಿಸಿ ಕ್ಷಮೆ ಕೇಳಿದರು. ಕಳಿಸುತ್ತಿದ್ದದ್ದು ಅಡುಗೆ ಗುತ್ತಿಗೆಯ ಕಡೆಯ ಮೊಚಿಜುಕಿ-ಸಾನ್ ಎಂಬ ಹೆಂಗಸು. ಅವರು ನೌಕರರ ಖಾಸಗಿ ಫೋನಿಗೆ ಮೆಸೇಜ್ ಕಳಿಸುವಂತಿಲ್ಲ. ನಾಳೆಯಿಂದ ಬರುವುದಿಲ್ಲ.

"ಯಾರದು?" ಎಂದರು ಸರ್. ಕೆಂಪು ಬಟ್ಟಲು ಕೊಡುವಾಕೆ ಎಂದು ತಿಳಿದಾಗ ತೊಡೆ ತಟ್ಟಿಕೊಂಡರು. "ನಾನು ಹೇಳ್ಲಿಲ್ವಾ!"

ಅವತ್ತೇ ಸಂಜೆ ಮೂಲಂಗಿಯಿಂದ ಕೊನೆಯ ಮೆಸೇಜ್: "ಇನ್ನು ಮುಂದೆ ಯಾವ ದಿನವೂ ಸೂಪ್ ಕುಡಿಯಬೇಡಿ. ಕ್ಷಮಿಸಿ." ಎಷ್ಟು ಕೊಬ್ಬು ಎಂದು ನಾನೂ ಬೈದೆ. ಮರುದಿನದಿಂದ ದಿನವೂ ಕಪ್ಪು ಬಟ್ಟಲು. ಸರ್ ಸಂತೋಷವಾಗಿ ಕುಡಿದರು. "ಈಗ ರುಚಿನೂ ಜಾಸ್ತಿ ಆಗಿದೆ ಕಣಮ್ಮ!"

ಎಂಟನೆಯ ದಿನ ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ. ಪಕ್ಕದ ಗೋಡೆಯಲ್ಲಿ ಸಲಹೆಯ ಚೀಟಿಗಳಿಗೆ ಉತ್ತರ ಬರೆದು ಅಂಟಿಸುವ ಹಲಗೆ. ಇಲ್ಲಿ ಯಾರೂ ಅದರಲ್ಲಿ ಹೆಸರು ಬರೆಯುವುದಿಲ್ಲ. ಆದರೆ ಮೂಲೆಯಲ್ಲಿ ಬಣ್ಣ ಮಾಸಿದ ಒಂದು ಚೀಟಿಯಲ್ಲಿ, ನೀಲಿ ಇಂಕಿನ ಇಂಗ್ಲಿಷಿನಲ್ಲಿ, ಅರ್ಜಿ ಗುಜರಾಯಿಸುವ ಕ್ರಮದಲ್ಲಿ, ಪೂರ್ತಿ ಹೆಸರು, ನೌಕರ ಸಂಖ್ಯೆ, ಲೈನ್ ಐಡಿ, ಮೈಸೂರಿನ ವಿಳಾಸವೂ ಇತ್ತು. ನಮ್ಮ ಸರ್ ಬಿಟ್ಟು ಇನ್ಯಾರು! ಕೆಳಗೆ ದುಂಡು ಜಪಾನಿ ಅಕ್ಷರಗಳಲ್ಲಿ ಉತ್ತರ:

"ನಮ್ಮ ಸೂಪನ್ನು ಒಣಮೀನು ಕುದಿಸಿದ ನೀರಿನಲ್ಲಿ ಮಾಡುತ್ತೇವೆ. ನಿಮಗಾಗಿ ಬೇರೆ ಪಾತ್ರೆಯಲ್ಲಿ, ಬರೀ ಕಡಲ ಪಾಚಿಯ ನೀರಿನಲ್ಲಿ ಮಾಡಿ ಕೆಂಪು ಬಟ್ಟಲಲ್ಲಿ ಕೊಡುತ್ತೇನೆ. ನಾನು ರಜೆಯಲ್ಲಿರುವ ದಿನ ಲೈನ್‌ನಲ್ಲಿ ತಿಳಿಸುತ್ತೇನೆ. ಮೊಚಿಜುಕಿ."

ಬಡಿಸುವ ಹುಡುಗಿಯನ್ನು ಕೇಳಿದೆ. ಎರಡು ವರ್ಷ ಆಕೆ ಒಂದು ದಿನವೂ ರಜೆ ಹಾಕಿರಲಿಲ್ಲ. ಏಪ್ರಿಲ್‌ನಿಂದ ಕಣ್ಣಿನ ಚಿಕಿತ್ಸೆಗೆ ಆಸ್ಪತ್ರೆಗೆ ಹೋಗುತ್ತಿದ್ದಳೆಂದು ಅವಳು ಹೇಳಿದಳು. ದಿನಾ ಆ ಹಲಗೆಯ ಪಕ್ಕದಲ್ಲೇ ನಿಲ್ಲುತ್ತಿದ್ದೆ. ಓದಲು ಬರುವವಳು ನಾನು, ಓದಿರಲಿಲ್ಲ. ನಾಚಿಕೆಯಾಯಿತು.

ಸರ್‌ಗೆ ಹೇಳಿದೆ. ಕೈಯಲ್ಲಿದ್ದ ಕಪ್ಪು ಬಟ್ಟಲನ್ನು ಕೆಳಗಿಟ್ಟರು. ಬಾಯಿ ತೊಳೆಯಲು ಓಡುತ್ತಾರೆಂದುಕೊಂಡೆ, ಓಡಲಿಲ್ಲ.

"ನನ್ನ ಬಾಯಿ ಕಾಯ್ತಿದ್ದೋಳ ಅನ್ನ ಕಿತ್ಕೊಂಡೆ ನಾನು."

ಅಲ್ಲಿಂದಲೇ ಓಟಾ-ಸಾನ್ ಹತ್ತಿರ ಹೋಗಿ ದೂರು ಹಿಂದಕ್ಕೆ ಪಡೆಯುತ್ತೇವೆಂದೆವು. ಅವರು ವಿನಯವಾಗಿ ತಲೆಬಾಗಿದರು. ಗುತ್ತಿಗೆಯವರು ಆಗಲೇ ಬೇರೆಯವರನ್ನು ತೆಗೆದುಕೊಂಡಿದ್ದರು.

ಹೊರಗೆ ಬಂದು ಸರ್ ಫೋನನ್ನು ನನ್ನ ಕೈಗಿಟ್ಟರು. "ಬರಿಯಮ್ಮ. ತಪ್ಪಾಯ್ತು ಅಂತ ಬರಿ. ಎರಡು ವರ್ಷ ಊಟ ಹಾಕಿದ್ರಿ, ಗೊತ್ತಾಗ್ಲಿಲ್ಲ ಅಂತ ಬರಿ." ಬರೆದು ಕಳಿಸಿದೆ. ಓದಿದ ಗುರುತು ಕೂಡಲೇ ಮೂಡಿತು. ಸ್ವಲ್ಪ ಹೊತ್ತಿಗೆ ಮೂಲಂಗಿಯಿಂದ ಉತ್ತರ ಬಂತು.

"ಪಾಚಿಯ ಡಬ್ಬ ಕೆಳಗಿನ ಕಪಾಟಿನಲ್ಲಿದೆ. ಹಿಂದಿನ ದಿನವೇ ನೆನೆಸಬೇಕು. ಹೊಸದಾಗಿ ಬಂದವರಿಗೆ ದಯವಿಟ್ಟು ಹೇಳಿ."

ಓದಿ ಹೇಳಿದೆ. ದ್ವಾರಕಾನಾಥ್ ಸರ್ ಕಣ್ಣೊರೆಸಿಕೊಂಡು ಫೋನನ್ನು ಜೇಬಿಗಿಟ್ಟರು. ಇನ್ನೊಂದ್ಸಲ ನೋಡು ಅನ್ನಲಿಲ್ಲ.