ಆಪಾ ಒತ್ತಿದ ಐದು ನಕ್ಷತ್ರ

ಮೊನ್ನೆ ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟು ಚಿಂದಿ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಆ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಗುಂಡ್ಲುಪೇಟೆಯ ಒಂದು ಚಿಕ್ಕ ಅಂಗಡಿ ಕಣ್ಮುಂದೆ ಬಂತು. ನನಗೆ ಹೊಲಿಗೆ ಕಲಿಸಿದ ಆಪಾ ಅವರದು. ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ಕಾಣೆ. ಬೀದಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಈಗ ಚಾಮರಾಜನಗರದಲ್ಲಿ ನನ್ನದೇ ಅಂಗಡಿಯಿದೆ. ಆದರೂ ಯಂತ್ರಕ್ಕೆ ಎಣ್ಣೆ ಬಿಡುವಾಗ ಮನಸ್ಸು ಅಲ್ಲಿಗೇ ಓಡುತ್ತದೆ…

ಪಿಯುಸಿ ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಬೇಗೂರಿನಿಂದ ಬಸ್ಸು ಹಿಡಿದು ದಿನಾ ಅವರಲ್ಲಿಗೆ ಹೋಗುತ್ತಿದ್ದೆ. ಹೆಂಗಸರು ಮಾತ್ರ ಬರುವ ಅಂಗಡಿ, ಬಾಗಿಲಿಗೆ ಹಸಿರು ಪರದೆ. ಆಪಾ ಇದ್ದಾರೆ ಎಂಬ ಒಂದೇ ಧೈರ್ಯದ ಮೇಲೆ ನನ್ನಪ್ಪನಂಥ ಅನುಮಾನದ ಮನುಷ್ಯರೂ ಮಗಳನ್ನು ಕಳಿಸುತ್ತಿದ್ದರು. ರವಿಕೆ ಸರಿಯಿಲ್ಲವೆಂದು ದೂರು ತಂದವರಿಗೆ ಆಪಾ ಎದುರಾಡಿದ್ದನ್ನು ನಾನು ನೋಡಿಲ್ಲ. ಬಂದವರು ಮೊದಲು ಹೊಲಿಗೆ ಚೆನ್ನಾಗಿದೆ ಎನ್ನಬೇಕು, ಆಮೇಲೆ ತೋಳು ಬಿಗಿ ಎನ್ನಬೇಕು; ಇವರು ಅಲ್ಲೇ ಕೂತು ಹೊಲಿಗೆ ಬಿಚ್ಚಿ ಸರಿಮಾಡಿಕೊಡಬೇಕು. ನಮ್ಮ ಕಸುಬಿನಲ್ಲಿ ಇದು ನಡೆದುಬಂದ ರೀತಿ.

ರವಿಕೆಯ ಹೊಸ ಡಿಸೈನ್ ತೋರಿಸಲೆಂದು ಅವರು ಒಂದು ಹಳೆಯ ಕಂಪ್ಯೂಟರ್ ಇಟ್ಟಿದ್ದರು. ಅದರಲ್ಲಿ ಯಾರೋ ಒಂದು ಪುಕ್ಕಟೆ ಆಟ ತೋರಿಸಿಕೊಟ್ಟರು. ಇಳಿಸಿಕೊಳ್ಳುವ ತಾಪತ್ರಯವಿಲ್ಲ, ಇಂಟರ್‌ನೆಟ್‌ನಲ್ಲಿ ಆ ಪುಟ ತೆರೆದರೆ ಆಟ ಶುರು. ಒಂದೇ ಬಣ್ಣದ ಮೂರು ಮಣಿ ಸೇರಿಸಿದರೆ ಒಡೆದು ಉದುರುತ್ತವೆ. ದಾರದ ಬಣ್ಣ ಹೊಂದಿಸಿ ಪಳಗಿದ ಕಣ್ಣು, ಆಪಾ ಹಟಕ್ಕೆ ಬಿದ್ದರು. ಮಧ್ಯಾಹ್ನದ ನಮಾಜ್ ಮುಗಿಸಿ, ಚಹಾ ಲೋಟ ಪಕ್ಕದಲ್ಲಿಟ್ಟುಕೊಂಡು ಆಡುತ್ತಿದ್ದರು. ಗಂಡ ಹೋದ ಮೇಲೆ ಅವರು ತಮಗೋಸ್ಕರ ಅಂತ ಮಾಡಿದ್ದು ಅದೊಂದೇ ಇರಬೇಕು.

ಬರಬರುತ್ತ ಆಟಕ್ಕಿಂತ ಜಾಹೀರಾತೇ ಹೆಚ್ಚಾಯಿತು. ಥೂ, ನೆನೆದರೆ ಈಗಲೂ ಮೈ ಉರಿಯುತ್ತದೆ. ಜೂಜು, ಬೊಜ್ಜು ಕರಗಿಸುವ ಪುಡಿ, ಅರೆಬೆತ್ತಲೆ ಹೆಂಗಸರು. ಮುಚ್ಚುವ ಗುರುತು ಸಾಸಿವೆಯಷ್ಟು. ಅದನ್ನು ಒತ್ತಿದರೆ ಮುಚ್ಚುವ ಬದಲು ಇನ್ನೊಂದು ತೆರೆಯುತ್ತಿತ್ತು. ಬೇಕೆಂದೇ ಹಾಗೆ ಮಾಡಿಟ್ಟಿದ್ದರು, ಕೊಳಕು ಜನ.

ಒಂದು ದಿನ ಹುಡುಗಿಯೊಬ್ಬಳು ಮದುವೆಯ ರವಿಕೆಗೆ ಅಳತೆ ಕೊಡಲು ತನ್ನ ಅತ್ತೆಯಾಗುವವರ ಜೊತೆ ಬಂದಳು. ಆಪಾ ಆಟವನ್ನು ಅರ್ಧಕ್ಕೆ ಬಿಟ್ಟು ಟೇಪು ಹಿಡಿದು ಎದ್ದರು. ಅವರ ಬೆನ್ನ ಹಿಂದೆ ಸ್ಕ್ರೀನ್ ತುಂಬ ಅಸಹ್ಯದ ಚಿತ್ರ ಬಂತು, ಜೊತೆಗೆ ನರಳುವ ದನಿ ಬೇರೆ. ಆಪಾ ಕೈಗೆ ಸಿಕ್ಕ ಲೈನಿಂಗ್ ಬಟ್ಟೆಯನ್ನು ಅದರ ಮೇಲೆ ಎಸೆದರು. ದನಿ ನಿಲ್ಲಲಿಲ್ಲ. ನಾನು ಓಡಿ ವೈರ್ ಕಿತ್ತೆ. ಅತ್ತೆಯಾಗುವವರು ತಾವು ತಂದ ಬಟ್ಟೆಯನ್ನು ಚೀಲಕ್ಕೆ ತುರುಕಿಕೊಂಡು, ಹುಡುಗಿಯ ರಟ್ಟೆ ಹಿಡಿದು ಹೊರಟರು. ಆ ಪರದೆಯ ಹಿಂದೆ ಏನೇನೋ ನೋಡುತ್ತಾರಂತೆ ಎಂಬ ಗುಸುಗುಸು ಬೀದಿಯಲ್ಲಿ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಆಪಾ ಕೂಗಾಡಲಿಲ್ಲ. ಆಟದ ಕೆಳಗೆ ಆಡಿದವರು ಅಭಿಪ್ರಾಯ ಬರೆಯುವ ಜಾಗವಿತ್ತು. ಅಲ್ಲಿ ಬರೆ ಎಂದು ನನ್ನನ್ನು ಕೂರಿಸಿದರು. ಆಗಲೇ ಅಲ್ಲಿದ್ದದ್ದನ್ನು ಮೊದಲು ಓದಿದೆ. ಅಮ್ಮ ಅಕ್ಕ ಎಂದು ಎಳೆದಾಡುವ ಬೈಗುಳ. ಯಾರಾದರೂ ನ್ಯಾಯವಾದ ದೂರು ಹೇಳಿದ್ದರೆ, ಪುಕ್ಕಟೆ ಆಡುವವರಿಗೆ ಅದೊಂದು ಕೇಡು ಎಂದು ಅವರಿಗೂ ಬೈಗುಳ. ನಾನು ಆಪಾ ಹೇಳಿದ್ದನ್ನು ನನ್ನ ಪಿಯುಸಿ ಇಂಗ್ಲಿಷಿನಲ್ಲಿ ಬರೆದೆ. ಆಟ ತುಂಬ ಚೆನ್ನಾಗಿದೆ, ನನ್ನ ಮನಸ್ಸಿಗೆ ನೆಮ್ಮದಿ ಕೊಟ್ಟಿದೆ. ಆದರೆ ಈ ಚಿತ್ರಗಳಿಂದ ನನ್ನ ಅಂಗಡಿಯ ಮರ್ಯಾದೆ ಹೋಗುತ್ತಿದೆ, ದಯವಿಟ್ಟು ತೆಗೆಯಿರಿ. ಕೆಳಗೆ ಗುಂಡ್ಲುಪೇಟೆಯ ಆಪಾ ಎಂದು ಹಾಕಿಸಿದರು. ಕೊನೆಗೆ ನಕ್ಷತ್ರ ಕೊಡಬೇಕಿತ್ತು. ನಾನು ಒಂದನ್ನು ಒತ್ತಲು ಹೋದೆ. ಅವರು ನನ್ನ ಕೈ ತಡೆದು ಐದನ್ನೂ ತಾವೇ ಒತ್ತಿದರು.

“ಪುಕ್ಸಟ್ಟೆ ಆಡಕ್ ಬುಟ್ಟವ್ರೆ ಕಣಮ್ಮಿ. ಚಂದಾಗದೆ ಅಂದ್ಬುಟ್ಟು ಆಮೇಲೆ ಬಿಗಿ ಅನ್ಬೇಕು. ಆಗ್ಲೇ ಅವ್ರಿಗೂ ಬಿಚ್ಚಿ ಸರಿ ಮಾಡಕ್ಕೆ ಮನಸ್ ಬರೋದು.”

ಉತ್ತರ ಬಂತಾ ಎಂದು ದಿನಾ ಕೇಳುತ್ತಿದ್ದರು. ಬಂದದ್ದು ಒಂದೇ ಸಾಲು, ನಿಮ್ಮ ಅಭಿಪ್ರಾಯ ನಮಗೆ ಅಮೂಲ್ಯ ಎಂದು. ಬೈದವರಿಗೂ ಅದೇ ಸಾಲು. ಚಿತ್ರಗಳು ಹೋಗಲಿಲ್ಲ. ಆಪಾ ಕಂಪ್ಯೂಟರಿಗೆ ಬಟ್ಟೆ ಹೊದಿಸಿ ಮೂಲೆಗಿಟ್ಟರು, ಆದರೆ ಹೋದ ಹೆಸರು ವಾಪಸು ಬರಲಿಲ್ಲ. ಪರದೆ ಸರಿಸಿ ಒಳಗೆ ಬರುವವರು ಕಡಿಮೆಯಾದರು.

“ಇನ್ ಅಲ್ಲಿಗ್ ಓಗದು ಬ್ಯಾಡ ಕಣಮ್ಮಿ” ಎಂದ ನನ್ನಪ್ಪ. ನಾನು ಅತ್ತು ಕರೆದರೂ ಕೇಳಲಿಲ್ಲ. ಆಪಾ ಅಂಗಡಿ ಮುಚ್ಚಿದ್ದು, ತಮ್ಮನ ಮನೆ ಸೇರಿದ್ದು, ಕಾಯಿಲೆ ಬಿದ್ದದ್ದು ಎಲ್ಲ ಬಸ್ಸಿನಲ್ಲಿ ಯಾರೋ ಹೇಳಿ ತಿಳಿಯಿತು. ಅಷ್ಟು ಹೊತ್ತಿಗೆ ಅವರನ್ನು ಮಣ್ಣು ಮಾಡಿಯೂ ಆಗಿತ್ತು…

ಮೊನ್ನೆ ಕೈಗಂಟಿದ ಎಣ್ಣೆ ಒರೆಸಿಕೊಂಡು ಆ ಆಟವನ್ನು ಹುಡುಕಿದೆ. ಇನ್ನೂ ಇದೆ. ಪುಟದ ನೆತ್ತಿಯ ಮೇಲೆ, ಆಡಿದವರ ಮೆಚ್ಚುಗೆ ಎಂಬ ಚೌಕದೊಳಗೆ ಐದು ನಕ್ಷತ್ರ, ಗುಂಡ್ಲುಪೇಟೆಯ ಆಪಾ. ಆಟ ತುಂಬ ಚೆನ್ನಾಗಿದೆ, ನನ್ನ ಮನಸ್ಸಿಗೆ ನೆಮ್ಮದಿ ಕೊಟ್ಟಿದೆ. ಅಷ್ಟೇ. ಆಟ ನಡೆಸುವವರು ದೂರನ್ನು ಪೂರ್ತಿ ಕತ್ತರಿಸಿ ಎಸೆದಿದ್ದರು. ಅಂದರೆ ಓದಿದ್ದರು. ಓದಿಯೇ ಕತ್ತರಿಸಿದ್ದರು. ಆಪಾ ಹೆಸರಿನ ಪಕ್ಕದಲ್ಲೇ ಅರೆಬೆತ್ತಲೆ ಹೆಂಗಸೊಬ್ಬಳು ಮೈ ತಿರುಚುತ್ತಿದ್ದಳು. 

ಅಭಿಪ್ರಾಯ ಬರೆಯುವ ಜಾಗಕ್ಕೆ ಹೋದೆ. ಅಸಹ್ಯ ಎಂದು ಶುರು ಮಾಡಿ ಅಸಹ್ಯ ಎಂದೇ ಮುಗಿಸಿದೆ. ಕತ್ತರಿಸಿ ಇಟ್ಟುಕೊಳ್ಳಲು ಒಂದು ಒಳ್ಳೆಯ ಮಾತನ್ನೂ ಬಿಡಲಿಲ್ಲ. ಕೊನೆಗೆ ನಕ್ಷತ್ರ ಕೇಳಿತು. ಆಪಾ ಇದ್ದಿದ್ದರೆ ಕೈ ತಡೆಯುತ್ತಿದ್ದರು. ತಡೆಯಲಿ ಎಂದು ಒಂದು ಗಳಿಗೆ ಬೆರಳನ್ನು ಹಾಗೇ ಹಿಡಿದುಕೊಂಡಿದ್ದೆ… ಆಮೇಲೆ ಒಂದೇ ಒಂದನ್ನು ಒತ್ತಿದೆ.