ನಾನು ಹಾಕಿದ ಒಂದೇ ಗೋಲು

ಸಂಬಳಕ್ಕೆ ಫುಟ್‌ಬಾಲ್ ಆಡಲು ಗೋವಾದ ಕ್ಲಬ್ಬಿಗೆ ಹೋದವರಲ್ಲಿ ಅಂಕೋಲೆಯ ನಮ್ಮ ಕೇರಿಗೆ ನಾನೇ ಮೊದಲಿಗ. ಹೆಸರಿಗೆ ಗೋಲು ಹಾಕುವ ಫಾರ್ವರ್ಡ್. ಕೆಲಸ ಮಾತ್ರ ಬೇರೆ: ಎದುರು ತಂಡದ ದೊಡ್ಡ ಆಟಗಾರ ಯಾರೋ ಅವನ ಬೆನ್ನು ಬಿಡದೆ, ಅವನ ಕಾಲಿಗೆ ಚೆಂಡು ಸಿಗದಂತೆ ನೋಡಿಕೊಳ್ಳುವುದು. ಅವನು ನೀರು ಕುಡಿಯಲು ಅಂಚಿಗೆ ಹೋದರೆ ನನಗೂ ಬಾಯಾರಿಕೆಯಾಗುತ್ತಿತ್ತು.

ಇದನ್ನು ಊರಿನಲ್ಲಿ ತಿಳಿಸಿ ಹೇಳುವುದೇ ಕಷ್ಟ. ಮೀನು ಮಾರುವ ನನ್ನ ಅತ್ತೆ, ಅಪ್ಪನ ಅಕ್ಕ, ಬುಟ್ಟಿ ಇಳಿಸುವ ಮೊದಲೇ ಕೇಳುತ್ತಿದ್ದಳು.

"ಎಷ್ಟ್ ಗೋಲ್ ಹಾಕ್ದ್ಯೋ?"

"ಇಲ್ಲ ಅತ್ತೆ, ನಂದು ತಡೆಯೂ ಕೆಲ್ಸ."

"ತಡೆಯೂಕೆ ಗೋಲಲ್ಲಿ ಒಬ್ಬ ನಿಂತಿರ್ತಾನಲ್ಲಾ! ಮತ್ತೆ ನೀ ಎಂತಕ್ಕೆ?"

ಅಪ್ಪ ಸುಮ್ಮನೆ ನಗುತ್ತಿದ್ದ. ಅವನದು ರಂಪಣಿ. ದೋಣಿಯವರು ಕಡಲಲ್ಲಿ ಬಲೆ ಸುತ್ತಿ ಬಂದ ಮೇಲೆ ದಂಡೆಯಲ್ಲಿ ಎರಡು ಸಾಲು ಜನ ನಿಂತು ಹಗ್ಗ ಎಳೆಯಬೇಕು. ರಜೆಗೆ ಬಂದಾಗ ನಾನೂ ಎಳೆಯುತ್ತಿದ್ದೆ.

ಎರಡನೆಯ ವರ್ಷದ ಕೊನೆಯ ಪಂದ್ಯ. ನನ್ನ ಗುತ್ತಿಗೆ ಅಲ್ಲಿಗೆ ಮುಗಿಯುತ್ತಿತ್ತು. ಮುಂದಕ್ಕೆ ಇಟ್ಟುಕೊಳ್ಳುವುದೋ ಬೇಡವೋ, ಈ ಆಟ ನೋಡಿ ಹೇಳುತ್ತೇನೆ ಎಂದಿದ್ದರು ಕೋಚ್. ಬೇಡವೆಂದರೆ ಮತ್ತೆ ಬಲೆಯೇ ಗತಿ. ಅವತ್ತೇ ಅಪ್ಪ, ಅತ್ತೆ ಇಬ್ಬರೂ ಕಾರವಾರಕ್ಕೆ ಬಂದು, ಅಲ್ಲಿಂದ ಗೋವಾದ ಬಸ್ಸು ಹಿಡಿದು, ಮೊದಲ ಸಲ ನನ್ನ ಆಟ ನೋಡಲು ಬಂದು ಕೂತಿದ್ದರು.

ಕೊನೆಯ ಇಪ್ಪತ್ತು ನಿಮಿಷದವರೆಗೆ ಯಾರದೂ ಗೋಲಿಲ್ಲ. ಅಷ್ಟರಲ್ಲಿ ಚೆಂಡು ನನ್ನ ಮುಂದೆಯೇ ಬಂದು ಬಿತ್ತು. ಒದ್ದೆ, ಒಳಗೆ ಹೋಯಿತು. ಅತ್ತೆಯ ಕೂಗು ಮೈದಾನಕ್ಕೆಲ್ಲ ಕೇಳಿತು. ಅಲ್ಲಿಗೆ ತೃಪ್ತಿಪಟ್ಟು ಹಿಂದೆ ಬರಬೇಕಿತ್ತು. ಇನ್ನೊಂದರ ಆಸೆಗೆ ಮುಂದೆಯೇ ಉಳಿದೆ. ನಾನು ಬೆನ್ನು ಬಿಡಬಾರದಿದ್ದ ಎದುರಾಳಿ ಖಾಲಿ ಸಿಕ್ಕ ಜಾಗದಲ್ಲಿ ಆರಾಮಾಗಿ ಎರಡು ಗೋಲು ಹಾಕಿದ. ಸೋತೆವು. ಕೋಚ್ ನನ್ನ ಮುಖ ನೋಡಲಿಲ್ಲ.

ಗೇಟಿನ ಬಳಿ ಅತ್ತೆ ನನ್ನ ಕೆನ್ನೆ ಹಿಂಡಿದಳು. "ಅಂತೂ ಹಾಕ್ದೆ ನೋಡು!"

ಅಪ್ಪ ಮಾತ್ರ, "ಅಲ್ವೋ ತಮ್ಮಾ," ಎಂದ, "ಹಾರಿ ಬಿದ್ದ ಒಂದ್ ಬಂಗ್ಡೆ ಮೀನ್ ಹೆಕ್ಕೂಕೆ ಹಗ್ಗಾನೇ ಬಿಟ್ಟ್ ಹೋದ್ಯಲ್ಲಾ."

ನನ್ನ ಕೆಲಸವೇನೆಂದು ಅವನಿಗೆ ಒಂದೇ ಆಟದಲ್ಲಿ ತಿಳಿದಿತ್ತು.

ಊರಿಗೆ ಬಂದು ಹದಿನೈದು ದಿನವಾದರೂ ಕ್ಲಬ್ಬಿನಿಂದ ಸುದ್ದಿಯಿಲ್ಲ. ಒಂದು ಬೆಳಿಗ್ಗೆ ದಂಡೆಯಲ್ಲಿ ರಂಪಣಿ ಎಳೆಯುತ್ತಿದ್ದೆವು. ಅತ್ತೆಯ ಬುಟ್ಟಿಯಲ್ಲಿಟ್ಟಿದ್ದ ನನ್ನ ಮೊಬೈಲ್ ಹೊಡೆದುಕೊಂಡಿತು.

"ನಿನ್ ಕೋಚಂದೋ!" ಹೆಸರು ನೋಡಿ ಅತ್ತೆ ಕೂಗಿದಳು.

ನಾನು ತಿರುಗಿದೆ. ಹಿಂದಿನಿಂದ ಅಪ್ಪ ಗದರಿದ: "ಎಳಿ!"

ಅತ್ತೆಯೇ ಫೋನ್ ಎತ್ತಿ ಕೊಂಕಣಿಯಲ್ಲಿ ಮಾತಾಡಿದಳು. ಹೂಂ, ಹಾಂ, ಮೀನಿನ ದರದ ವಿಚಾರವೂ ಒಂದಿಷ್ಟು ಆಯಿತು. ನನ್ನ ಅಂಗೈ ಉರಿಯುತ್ತಿತ್ತು. ಕೊನೆಗೆ ಇತ್ತ ಕೂಗಿದಳು.

"ಮುಂದಿನ್ ವರ್ಷಕ್ಕೂ ಬರೂಕೆ ಹೇಳ್ದ್ರೋ! ಆದ್ರೆ ಗೋಲ್ ಹಾಕೂದ್ ಬೇಡ ಅಂದ್ರು. ಎಂತಾ ಜನವೋ ಏನೋ!"

ಸಾಲಿನವರೆಲ್ಲ ನಕ್ಕರು, ಹಗ್ಗ ಬಿಡದೆ. ಆಮೇಲೆ ಆರು ವರ್ಷ ಆಡಿದೆ. ಮತ್ತೊಂದು ಗೋಲು ಹಾಕಲಿಲ್ಲ.