ಮೀನಿನ ಸಕ್ಕರೆ ಏರಿತು

ಪ್ರಾಣಿಶಾಸ್ತ್ರ ವಿಭಾಗದಲ್ಲಿ ಸೂಜಿಯಕ್ಕ ಎಂದರೆ ಎಲ್ಲರಿಗೂ ಗೊತ್ತು. ಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಬಾಲದ ಬುಡದಿಂದ ಒಂದು ಹನಿ ರಕ್ತ ತೆಗೆಯುವುದು ಆಕೆಯ ಕೆಲಸ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿದ್ದಳು. ಹೆಸರು ಕೇಳಿ ದರ್ಜಿ ಎಂದುಕೊಂಡ ಹೊಸ ಗುಮಾಸ್ತನೊಬ್ಬ ಹರಿದ ಪ್ಯಾಂಟು ತಂದುಕೊಟ್ಟಿದ್ದ. ಆಕೆ ಅದನ್ನೂ ಹೊಲಿದುಕೊಟ್ಟಳು.

ಮನೆಯಲ್ಲೂ ಸೂಜಿ ತಪ್ಪಿದ್ದಲ್ಲ. ಬಸ್ಸು ಓಡಿಸುವ ಗಂಡನಿಗೆ ಸಕ್ಕರೆ ಕಾಯಿಲೆ. ಪ್ರತಿ ಭಾನುವಾರ ಬೆಳಿಗ್ಗೆ ಆತನ ಹೊಟ್ಟೆಗೆ ಇಂಜೆಕ್ಷನ್ ಕೊಡುತ್ತಿದ್ದಳು. ಉಂಡಾಗ ಕರುಳಿನಲ್ಲಿ ಹುಟ್ಟುವ ಒಂದು ಹಾರ್ಮೋನಿನಂಥದೇ ಔಷಧಿ ಅದು; ರಕ್ತದ ಸಕ್ಕರೆ ಇಳಿಸುತ್ತದೆ. ಮೀನುಗಳು ಸುಮ್ಮನೆ ಚುಚ್ಚಿಸಿಕೊಳ್ಳುತ್ತಿದ್ದವು. ಗಂಡ ಕೂಗುತ್ತಿದ್ದ.

ಆ ವರ್ಷ ಬಂದ ಸಂಶೋಧನಾ ವಿದ್ಯಾರ್ಥಿನಿ, ಅದೇ ಹಾರ್ಮೋನು ಮೀನು, ಕಪ್ಪೆ, ಕೋಳಿಗಳಲ್ಲಿ ಹೇಗೆ ಬದಲಾಗುತ್ತ ಬಂತೆಂದು ನೋಡಲು ಹೊರಟಿದ್ದಳು. ಮೊದಲ ಸರದಿ ಮೀನಿನದು. ಸೂಜಿಯಕ್ಕ ಹತ್ತು ಮೀನಿಗೆ ಹಾರ್ಮೋನು, ಹತ್ತಕ್ಕೆ ಬರೀ ಉಪ್ಪುನೀರು ಚುಚ್ಚಿದಳು. ಹಾರ್ಮೋನು ಚುಚ್ಚಿಸಿಕೊಂಡವುಗಳ ಸಕ್ಕರೆ ಇಳಿಯುವ ಬದಲು ಏರಿ ಕೂತಿತು.

"ಅಕ್ಕ, ಸೀಸೆ ಅದಲು ಬದಲು ಮಾಡಿದೀರಿ."

"ಇಲ್ಲಮ್ಮ."

"ಕನ್ನಡಕ ಹಾಕ್ಕೊಂಡಿದ್ರಾ?"

ಕನ್ನಡಕ ಆಕೆಯ ಮೂಗಿನ ಮೇಲೇ ಇತ್ತು. ಸೂಜಿಯಕ್ಕ ಅಂದು ಊಟದ ಡಬ್ಬಿ ತೆರೆಯಲಿಲ್ಲ. ಗಂಡನಿಗೆ ಇಳಿಯುವುದು ಮೀನಿಗೆ ಏರುವುದೆಂದರೇನು? ತನ್ನ ಕೈಯ ಮೇಲೆ ತನಗೇ ಅನುಮಾನ ಬಂತು.

ಮರುದಿನ ಬಂದವಳೇ ವಿದ್ಯಾರ್ಥಿನಿಗೆ ಹೇಳಿದಳು: "ನೀವೇ ಸಿರಿಂಜ್ ತುಂಬ್ಸಿಕೊಡಿ. ನಾನು ಚುಚ್ತೀನಿ ಅಷ್ಟೆ."

ಏರಿತು. ಮೂರನೆಯ ದಿನ ವಿದ್ಯಾರ್ಥಿನಿ ತಾನೇ ತುಂಬಿಸಿ ತಾನೇ ಚುಚ್ಚಿದಳು. ಎರಡು ಮೀನು ನೆಲಕ್ಕೆ ಹಾರಿದವು. ಉಳಿದವುಗಳದ್ದು ಏರಿತು.

ಇಬ್ಬರೂ ಪ್ರೊಫೆಸರರ ಕೋಣೆಗೆ ಹೋಗಿ ವಿಷಯ ಹೇಳಿದರು.

"ಏರಲೇಬೇಕಲ್ಲ," ಎಂದರು ಅವರು. "ಹಳೇ ಪ್ರಬಂಧಗಳಲ್ಲೇ ಇದೆ. ಓದಿಲ್ವಾ?"

ವಿದ್ಯಾರ್ಥಿನಿ ಗೋಡೆಯ ಕ್ಯಾಲೆಂಡರ್ ಓದತೊಡಗಿದಳು. ಪ್ರೊಫೆಸರು ಸೂಜಿಯಕ್ಕನ ಕಡೆ ತಿರುಗಿದರು. "ಹಾರ್ಮೋನು ತಾನಾಗೇ ಏನೂ ಮಾಡಲ್ಲ. ಅದನ್ನ ಹಿಡ್ಕೊಳ್ಳೋ ಗ್ರಾಹಕ ಅಂತ ಜೀವಕೋಶದ ಮೇಲಿರುತ್ತೆ. ನಮ್ಮಲ್ಲಿ ಮೇದೋಜೀರಕದಲ್ಲಿ ಹಿಡ್ಕೊಂಡು ಇನ್ಸುಲಿನ್ ಬಿಡಿಸುತ್ತೆ, ಸಕ್ಕರೆ ಇಳಿಯುತ್ತೆ. ಮೀನಲ್ಲಿ ಲಿವರ್‌ನಲ್ಲಿ ಹಿಡ್ಕೊಳ್ಳುತ್ತೆ. ಲಿವರ್ ಸಕ್ಕರೇನ ರಕ್ತಕ್ಕೆ ಬಿಡುತ್ತೆ. ಕೋಟ್ಯಂತರ ವರ್ಷದಲ್ಲಿ ದಾರಿ ಬೇರೆ ಆಯ್ತು."

ಸೂಜಿಯಕ್ಕನಿಗೆ ಹೊಳೆಯಿತು. "ಒಂದೇ ತವರಿನ ಅಕ್ಕತಂಗೀರು ಬೇರೆ ಬೇರೆ ಮನೆ ಸೇರ್ದಂಗೆ. ಒಬ್ಳು ಉಳಿಸ್ತಾಳೆ, ಒಬ್ಳು ಖರ್ಚು ಮಾಡ್ತಾಳೆ."

"ಹೆಚ್ಚೂಕಡಿಮೆ ಹಾಗೇ," ಎಂದರು ಪ್ರೊಫೆಸರು.

ಹೊರಗೆ ಬಂದ ಮೇಲೆ ವಿದ್ಯಾರ್ಥಿನಿ, "ತಪ್ಪಾಯ್ತು ಅಕ್ಕ," ಎಂದಳು. ಸೂಜಿಯಕ್ಕ ತಲೆಯಾಡಿಸಿ ತೊಟ್ಟಿಯ ನೀರು ಬದಲಿಸಲು ಹೋದಳು. ಅಂದು ಡಬ್ಬಿ ಖಾಲಿಯಾಯಿತು.

ಈ ಸಂಗತಿಯನ್ನು ಗಂಡನಿಗೆ ಹೇಳಿದ್ದೇ ಎಡವಟ್ಟಾಯಿತು. ಭಾನುವಾರ ಆತ ಅಂಗಿ ಎತ್ತಲು ಒಪ್ಪಲಿಲ್ಲ.

"ನಂಗೂ ಏರಿಬಿಟ್ರೆ?"

"ನೀವು ಮೀನಾ?"

ಆತ ಅಂಗಿ ಬಿಗಿಹಿಡಿಯುವಷ್ಟರಲ್ಲಿ ಚುಚ್ಚಿ ಮುಗಿದಿತ್ತು.

ಸೋಮವಾರ ಪ್ರಯೋಗಾಲಯಕ್ಕೆ ಪಂಜರದಲ್ಲಿ ಆರು ಕೋಳಿಗಳು ಬಂದವು. ವಿದ್ಯಾರ್ಥಿನಿ ಸಿರಿಂಜ್ ಸೂಜಿಯಕ್ಕನ ಕೈಗೇ ಕೊಟ್ಟು ಕೇಳಿದಳು: "ಅಕ್ಕ, ಇವುಗಳಲ್ಲಿ ಏರುತ್ತೋ ಇಳಿಯುತ್ತೋ, ನಿಮಗೇನನ್ಸುತ್ತೆ?"

"ಕೋಳೀನೇ ಕೇಳಿಬಿಡೋಣ," ಎಂದು ಸೂಜಿಯಕ್ಕ ಪಂಜರದ ಬಾಗಿಲು ತೆರೆದಳು.